ತುತ್ತಿನ ಲೆಕ್ಕ ಯಾರ ಕಡೆಗೆ?

ಕೋಸಲದ ದೊರೆ ಪ್ರಸೇನಜಿತ ದೊಡ್ಡ ಊಟಗಾರ. ಒಂದು ದ್ರೋಣ, ಅಂದರೆ ದೊಡ್ಡ ಅಳತೆಯ, ಅಕ್ಕಿಯ ಅನ್ನ ಅವನಿಗೆ ಬೇಕಿತ್ತು ಎನ್ನುತ್ತದೆ ಪಾಲಿಯ ಬೌದ್ಧ ಗ್ರಂಥ ಸಂಯುತ್ತ ನಿಕಾಯ. ಒಂದು ದಿನ ಹೊಟ್ಟೆ ಬಿರಿಯೆ ಉಂಡು, ಏದುಸಿರು ಬಿಡುತ್ತ ಬುದ್ಧನ ಮುಂದೆ ಬಂದು ಕೂತ. ಬುದ್ಧ ಗದರಲಿಲ್ಲ, ಉಪವಾಸ ಮಾಡೆಂದೂ ಹೇಳಲಿಲ್ಲ. ಎಚ್ಚರವಿದ್ದು ಊಟದ ಮಿತಿ ಬಲ್ಲವನಿಗೆ ಬಾಧೆ ತಗ್ಗುತ್ತದೆ, ಮುಪ್ಪು ನಿಧಾನವಾಗಿ ಬರುತ್ತದೆ ಎಂಬರ್ಥದ ಗಾಥೆಯೊಂದನ್ನು ನುಡಿದ. ದೊರೆ ತನ್ನ ಬೆನ್ನ ಹಿಂದೆ ನಿಂತಿದ್ದ ಸುದರ್ಶನನೆಂಬ ತರುಣನಿಗೆ ಅದನ್ನು ಬಾಯಿಪಾಠ ಮಾಡಿಸಿದ. ತಾನು ಉಣ್ಣುವಾಗೆಲ್ಲ ಅವನು ಅದನ್ನು ಹೇಳಬೇಕು, ಸಂಬಳ ದಿನಕ್ಕೆ ನೂರು ಕಹಾಪಣ ನಾಣ್ಯ. ಬರಬರುತ್ತ ದೊರೆಯ ಊಟ ನಾಳಿ ಎಂಬ ಚಿಕ್ಕ ಅಳತೆಯ ಅಕ್ಕಿಗೆ ಇಳಿಯಿತು, ಮೈ ಹಗುರಾಯಿತು.

ಸುದರ್ಶನನ ಕೆಲಸ ಈಗ ಫೋನಿಗೆ ಬಂದಿದೆ, ಅದೂ ಬಿಟ್ಟಿಯಾಗಿ. 2005ರಲ್ಲಿ ಅಮೆರಿಕದಲ್ಲಿ ಶುರುವಾದ ಮೈಫಿಟ್ನೆಸ್‌ಪಾಲ್, 2012ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹೆಲ್ದಿಫೈಮಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೇ ಹೊರತಂದ ನ್ಯೂಟ್ರಿಫೈ ಇಂಡಿಯಾ ನೌ ಎಲ್ಲದರ ಬಗೆಯೂ ಒಂದೇ: ತಿಂದದ್ದನ್ನು ಬರೆದರೆ ಕ್ಯಾಲರಿ ಲೆಕ್ಕ ತಾನಾಗಿ ಬರುತ್ತದೆ. ಮುದ್ದೆ ಉಣ್ಣುವವರಿಗೆ ಮಾತ್ರ ಮೊದಲ ದಿನವೇ ತೊಡಕು. ಎಷ್ಟು ದೊಡ್ಡ ಮುದ್ದೆ? ಒಂದು ಮನೆಯ ಮುದ್ದೆಗೂ ಇನ್ನೊಂದು ಮನೆಯ ಮುದ್ದೆಗೂ ತಾಳೆಯಿಲ್ಲ. ಹಿಟ್ಟನ್ನೇ ತೂಗಿದರೆ ದಾರಿ ಸಿಗುತ್ತದೆ. ನೂರು ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ. ಆಮೇಲೆ ಸೊಪ್ಪಿನ ಸಾರು, ಅದರ ಒಗ್ಗರಣೆ. ಒಂದು ಟೀ ಚಮಚ ಎಣ್ಣೆಗೆ 40ಕ್ಕೂ ಮೇಲೆ. ಇಷ್ಟು ದಿನ ಅಂದಾಜಿನಲ್ಲಿ ಎಣ್ಣೆ ಸುರಿಯುತ್ತಿದ್ದ ಕೈ ಆ ಸಂಖ್ಯೆ ಕಂಡಮೇಲೆ ತಡೆಯುತ್ತದೆ.

ಬರೆದಿಡುವುದರ ಬಲ ದೊಡ್ಡದು. ಅಮೆರಿಕದಲ್ಲಿ ತೂಕ ಇಳಿಸಲು ಹೊರಟ ಸುಮಾರು 1,700 ಜನರನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಊಟ ಬರೆದಿಟ್ಟವರು ಬರೆಯದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಕ ಇಳಿಸಿಕೊಂಡಿದ್ದರು.

ಹಾಗಾದರೆ ಇದೇ ಮಿತಾಹಾರವೇ? ಧರ್ಮಗಳು ತಪಸ್ಸೆಂದು ಎಣಿಸಿದ ಸಾಧನೆಗೆ ಈ ಲೆಕ್ಕ ಸೇರುತ್ತದೆಯೇ? ಅಂಕಿ ಸಂಖ್ಯೆಗೂ ಅಧ್ಯಾತ್ಮಕ್ಕೂ ಏನು ನಂಟು ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಧರ್ಮಗಳೇ ತುತ್ತುಗಳನ್ನು ಎಣಿಸಿವೆ. ಜೈನರ ಆರು ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯ ಒಂದು. ಗಂಡಸಿನ ತುಂಬು ಊಟಕ್ಕೆ 32 ತುತ್ತು, ಹೆಂಗಸಿಗೆ 28 ಎಂದು ಹಳೆಯ ಆಚಾರಗ್ರಂಥಗಳು ಗೊತ್ತು ಮಾಡಿದವು; ಅದರಲ್ಲಿ ಒಂದೇ ಒಂದು ತುತ್ತು ಬಿಟ್ಟರೂ ತಪಸ್ಸೇ. ಇನ್ನೊಂದು ವೃತ್ತಿಪರಿಸಂಖ್ಯಾನ. ಶ್ರವಣಬೆಳಗೊಳದಂಥ ಕ್ಷೇತ್ರಗಳಲ್ಲಿ ಇಂದಿಗೂ ದಿಗಂಬರ ಮುನಿ ಮನಸ್ಸಿನಲ್ಲೇ ಒಂದು ನಿಯಮ ಹಿಡಿದು ಆಹಾರಕ್ಕೆ ಹೊರಡುತ್ತಾರೆ. ಶ್ರಾವಕರು, ಅಂದರೆ ಜೈನ ಗೃಹಸ್ಥರು, ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ಕಾದಿರುತ್ತಾರೆ. ನಿಯಮ ಕೂಡಿಬಂದರೆ ನಿಂತೇ, ಬೊಗಸೆಯಲ್ಲೇ, ದಿನಕ್ಕೊಮ್ಮೆ ಊಟ. ಕೂಡಿಬರದಿದ್ದರೆ ಆ ದಿನ ನಿರಾಹಾರ. ಇಷ್ಟು ಕಟ್ಟುನಿಟ್ಟಾದ ಲೆಕ್ಕದಲ್ಲಿ ಮೈಯ ತೂಕದ ಮಾತೇ ಇಲ್ಲ. ಅಳೆಯುವುದು ಆಸೆಯನ್ನು.

ಗಾಂಧಿ 1915ರಲ್ಲಿ ಹರಿದ್ವಾರದ ಕುಂಭಮೇಳದ ಹೊತ್ತಿನಲ್ಲಿ, ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದು ವ್ರತ ತೊಟ್ಟರು. ಕಾಯಿಲೆ ಬಿದ್ದರೆ ಔಷಧವೂ ಆ ಐದರೊಳಗೇ. ಆತ್ಮಕಥೆಯಲ್ಲಿ ಅವರು ಕೊಡುವ ಕಾರಣವನ್ನು ಗಮನಿಸಬೇಕು: ಕಲ್ಕತ್ತ, ರಂಗೂನುಗಳಲ್ಲಿ ಆತಿಥ್ಯ ಮಾಡಿದವರು ತಮಗಾಗಿ ವಿಪರೀತ ಖರ್ಚು, ಶ್ರಮ ಮಾಡುತ್ತಿದ್ದುದನ್ನು ಅವರು ಕಂಡಿದ್ದರು. ಅವರ ಎಣಿಕೆಯಲ್ಲಿ ಅಡುಗೆ ಮಾಡುವವರ ನೋವೂ ಸೇರಿತ್ತು.

ಊಟದ ಕ್ಯಾಲರಿ ಎಣಿಕೆಯ ಮೊದಲ ದಿನಗಳಲ್ಲೂ ಹೀಗೇ ಪರರ ಚಿಂತೆಯಿತ್ತು. 1890ರ ದಶಕದಲ್ಲಿ ಅಮೆರಿಕದ ಮಿಡ್ಲ್‌ಟೌನಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ವಿಲ್ಬರ್ ಅಟ್ವಾಟರ್, ಮನುಷ್ಯರನ್ನು ಮುಚ್ಚಿದ ಕೋಣೆಯೊಳಗೆ ದಿನಗಟ್ಟಲೆ ಇರಿಸಿ, ಅವರು ಉಂಡದ್ದಕ್ಕೂ ಮೈಯಿಂದ ಹೊರಟ ಶಾಖಕ್ಕೂ ತಾಳೆ ನೋಡಿದ. ಪ್ರೋಟೀನು, ಪಿಷ್ಟ ಗ್ರಾಮಿಗೆ 4, ಕೊಬ್ಬು 9 ಎಂದು ಇಂದಿನ ಆ್ಯಪ್‌ಗಳು ಹಾಕುವ ಲೆಕ್ಕ ಅವನದೇ. ಬಡ ಕಾರ್ಮಿಕನ ಕಾಸಿಗೆ ಹೆಚ್ಚು ಪೋಷಣೆ ಸಿಗುವುದು ಹೇಗೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. 1918ರಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ಬರೆದ ಜನಪ್ರಿಯ ಪುಸ್ತಕ ಅದೇ ಅಂಕಿಗಳನ್ನು ತೆಳ್ಳಗಾಗಲು ಬಯಸುವವರ ಕೈಗೆ ಕೊಟ್ಟಿತು. ಪರರ ಹಸಿವಿಗೆಂದು ಹುಟ್ಟಿದ ಅಳತೆ ತನ್ನ ಸೊಂಟದ ಕಡೆ ತಿರುಗಿದ್ದು ಅಲ್ಲಿ.

ಬೆಂಗಳೂರಿನ ಕತೆಯೂ ಇದಕ್ಕೆ ಹತ್ತಿರದ್ದೇ. ಹೆಲ್ದಿಫೈಮಿ ಕಟ್ಟಿದವರಲ್ಲಿ ಒಬ್ಬರಾದ ತುಷಾರ್ ವಶಿಷ್ಠ, ಅದಕ್ಕೂ ಮುಂಚೆ, 2011ರಲ್ಲಿ, ಗೆಳೆಯ ಮ್ಯಾಟ್ ಚೆರಿಯನ್ ಜೊತೆ ಬೆಂಗಳೂರಿನಲ್ಲಿ ದಿನಕ್ಕೆ ನೂರು ರೂಪಾಯಿಯಲ್ಲಿ ಬದುಕಿ ನೋಡಿದ್ದರು. ಬಳಿಕ ಕೇರಳದ ಹಳ್ಳಿಯೊಂದರಲ್ಲಿ ಬಡತನ ರೇಖೆಯ ಮೊತ್ತಕ್ಕೇ ಇಳಿದರು. ಆ ದಿನಗಳಲ್ಲಿ ಹೊತ್ತು ಹೊತ್ತಿಗೂ ಊಟದ್ದೇ ಯೋಚನೆ ಕಾಡಿತು ಎಂಬುದು ಅವರ ಅನುಭವ.

ಹೊಟ್ಟೆಗೆ ಇದ್ದೂ ಇಡೀ ದಿನ ಊಟದ್ದೇ ಯೋಚನೆಯಲ್ಲಿ ಬೇಯುವವರೂ ಇದ್ದಾರೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಊಟಕ್ಕೆ ಸಂಬಂಧಿಸಿದ ಮನೋವ್ಯಾಧಿಯಿದ್ದ 105 ಜನರ ಪೈಕಿ ಸುಮಾರು ಮುಕ್ಕಾಲು ಪಾಲು ಮೈಫಿಟ್ನೆಸ್‌ಪಾಲ್ ಬಳಸಿದ್ದರು. ಬಳಸಿದವರಲ್ಲಿ ಹೆಚ್ಚಿನವರು ತಮ್ಮ ಕಾಯಿಲೆಗೆ ಅದೂ ಇಂಬು ಕೊಟ್ಟಿತೆಂದರು. ಗೀತೆಯ ಎರಡನೆಯ ಅಧ್ಯಾಯ ಈ ಅಪಾಯವನ್ನು ಬಲ್ಲುದು. ನಿರಾಹಾರಿಯಿಂದ ವಿಷಯಗಳು ದೂರವಾಗುತ್ತವೆ, ರುಚಿಯ ಹಂಬಲ ಮಾತ್ರ ಒಳಗೇ ಉಳಿಯುತ್ತದೆ ಎನ್ನುತ್ತದೆ ಅದು. ದಿನದ ಗುರಿಗಿಂತ ಇನ್ನೂರು ಕ್ಯಾಲರಿ ಕಡಿಮೆ ತಿಂದು, ರಾತ್ರಿಯಿಡೀ ನಾಳೆಯ ದೋಸೆಯನ್ನೇ ನೆನೆಯುವವರ ಅಂಕಿ ಸರಿಯಿದೆ, ಹಂಬಲ ಹಾಗೇ ಇದೆ.

ಇದರಿಂದ ಆ್ಯಪ್ ಬೇಡ ಎಂದಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಲೆಕ್ಕವಿಡುವುದು ಮದ್ದಿನಷ್ಟೇ ಮುಖ್ಯವಾಗಬಹುದು. ಅವರು ಬರೆಯಬೇಕು, ವೈದ್ಯರಿಗೆ ತೋರಿಸಲೂಬೇಕು. ಕೊರತೆ ಇರುವುದು ಬೇರೆ ಕಡೆ. ಪ್ರಸೇನಜಿತನ ಹಿಂದೆ ಒಬ್ಬ ಮನುಷ್ಯ ನಿಂತಿದ್ದ, ಮುನಿಯ ಮುಂದೆ ಬಡಿಸುವ ಶ್ರಾವಕರಿದ್ದಾರೆ, ಗಾಂಧಿಯ ಮನಸ್ಸಿನಲ್ಲಿ ಅಡುಗೆಮನೆಯಿತ್ತು. ಆ್ಯಪ್‌ನದು ಇನ್ನೊಬ್ಬರಿಲ್ಲದ ಎಣಿಕೆ. ಉಣ್ಣುವವನೂ ಅವನೇ, ಎಣಿಸುವವನೂ ಅವನೇ, ಲಾಭವೂ ಅವನ ಮೈಗೇ. ತಪಸ್ಸಿಗೆ ಇಷ್ಟು ಸಾಲದು.

ಅದೇ ಕ್ಯಾಲರಿಯನ್ನು ಪರರಿಗಾಗಿ ಎಣಿಸುವ ಜಾಗಗಳು ದೂರವೇನಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ಅಕ್ಷರ ದಾಸೋಹದ ಬಿಸಿಯೂಟಕ್ಕೂ ಅದೇ ಲೆಕ್ಕ: ಕೇಂದ್ರದ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನು, ಆರರಿಂದ ಎಂಟರವರಿಗೆ 700 ಮತ್ತು 20. ತನ್ನ ತಟ್ಟೆಯ ಲೆಕ್ಕ ಬರೆದು ಬರೆದು ಬೇಳೆಯ ಪ್ರೋಟೀನು, ಎಣ್ಣೆಯ ಕೊಬ್ಬು ಬಾಯಿಗೆ ಬಂದಿರುವವರು ಊರ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಕೂತು, ಇಂದಿನ ಸಾಂಬಾರಿಗೆ ಬೇಳೆ ಎಷ್ಟು ಬಿತ್ತು ಎಂದು ಕೇಳಬಲ್ಲರು.