ಯಾರಿಗಾಗಿ ಈ ಬೆವರು?

ಹೊಟ್ಟೆಪಾಡಿಗಾಗಿ ಓಡುವವನನ್ನು ಏಕೆ ಓಡುತ್ತೀಯೆಂದು ಯಾರೂ ಕೇಳುವುದಿಲ್ಲ. ಮೂಟೆ ಹೊತ್ತ ಕೂಲಿಯವನ ಓಟಕ್ಕೂ, ಕಚೇರಿಗೆ ತಡವಾದ ಗುಮಾಸ್ತನ ಓಟಕ್ಕೂ ಕಾರಣ ಕಣ್ಣೆದುರಿಗೇ ಇದೆ. ಆದರೆ ಬೆನ್ನಟ್ಟುವವರಿಲ್ಲದೆ, ಕರೆಯುವವರಿಲ್ಲದೆ, ಹೊರಟಲ್ಲಿಗೇ ಮರಳಿ ಬರಲೆಂದು ಹತ್ತು ಮೈಲಿ ಓಡುವವನನ್ನು ಕಂಡರೆ ನಮ್ಮ ಮನಸ್ಸು ಒಂದು ಗಳಿಗೆ ತಡೆದು ನಿಲ್ಲುತ್ತದೆ. ಫಲವಿಲ್ಲದ ಶ್ರಮಕ್ಕೆ ಅರ್ಥವುಂಟೆ? ಅರ್ಥವುಂಟೆಂದೇ ಒಪ್ಪಿದರೂ, ಅನ್ನಕ್ಕಾಗಿ ದುಡಿಯುವವರ ನಡುವೆ ಹೀಗೆ ಬೆವರು ಸುರಿಸುವುದು ಸರಿಯೆ?

ಈ ಪ್ರಶ್ನೆ ನಗರದ ಕ್ರೀಡಾಂಗಣದಲ್ಲಿ ಅಷ್ಟಾಗಿ ಏಳುವುದಿಲ್ಲ, ಹಳ್ಳಿಯಲ್ಲಿ ಏಳುತ್ತದೆ. ಫ್ರಾನ್ಸಿನ ನಡುಭಾಗದ ಕೊರೇಜ್ ಪ್ರಾಂತದಲ್ಲಿ, ಮಿಲ್‌ವಾಶ್ ಎಂಬ ಪ್ರಸ್ಥಭೂಮಿಯ ಮೇಲೆ, ಬ್ಯುಜಾ ಎಂಬ ಚಿಕ್ಕ ಊರಿದೆ. ಗ್ರಾನೈಟ್ ಕಲ್ಲಿನ ಮನೆಗಳು, ಸುತ್ತ ಕಾಡು, ಹುಲ್ಲುಗಾವಲಿನಲ್ಲಿ ಕೆಂಗಂದು ಬಣ್ಣದ ಲಿಮೂಸೆನ್ ದನಗಳು. ಬೇಸಗೆಯಲ್ಲಿ ಅಲ್ಲಿ ಹಗಲು ದೀರ್ಘ. ಜೂನ್ ತಿಂಗಳಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕು ಪೂರ್ತಿ ಆರಿರುವುದಿಲ್ಲ. ಇಂಥ ಊರುಗಳಿಗೆ ರಜೆಯಲ್ಲಿ ಬರುವ ಹವ್ಯಾಸಿ ಓಟಗಾರನ ದಿನಚರಿ ಹೆಚ್ಚು ಕಡಿಮೆ ಒಂದೇ ಬಗೆಯದು. ಬಿಸಿಲೇರುವ ಮುನ್ನ ಕಾಡುದಾರಿಯಲ್ಲಿ ಓಟ. ಬರುವಾಗ ಬೇಕರಿಯಿಂದ ಬಿಸಿಯಾದ ಉದ್ದನೆಯ ಬ್ರೆಡ್ಡು. ಮಧ್ಯಾಹ್ನ ಕಿಟಕಿಯ ಮರದ ಬಾಗಿಲೆಳೆದುಕೊಂಡು ನಿದ್ದೆ. ಊರ ಚೌಕದಲ್ಲಿ ಮುದುಕರು ಉಕ್ಕಿನ ಗುಂಡು ಉರುಳಿಸಿ ಆಡುವ ಸಂಜೆಯ ಹೊತ್ತಿಗೆ ಮತ್ತೆ ನಾಲ್ಕು ಸುತ್ತು.

ಅದೇ ಮುಂಜಾವದಲ್ಲಿ ರೈತನೂ ಟ್ರ್ಯಾಕ್ಟರ್ ಏರಿ ಹುಲ್ಲು ಕೊಯ್ಯಲು ಹೊರಟಿರುತ್ತಾನೆ. ಕೊಯ್ದ ಹುಲ್ಲು ಒಣಗುವ ಮೊದಲೇ ಮಳೆ ಬಂದರೆ ಚಳಿಗಾಲದ ಮೇವು ಕೆಟ್ಟಂತೆಯೇ. ಇಬ್ಬರೂ ದಾರಿಯಲ್ಲಿ ಎದುರಾಗುತ್ತಾರೆ, ಇಬ್ಬರ ಮೈಯೂ ಒದ್ದೆ. ಒಬ್ಬನ ಬೆವರಿನಿಂದ ಕೊಟ್ಟಿಗೆ ತುಂಬುತ್ತದೆ. ಇನ್ನೊಬ್ಬನ ಬೆವರಿನಿಂದ? ಕೈಗಡಿಯಾರದಲ್ಲಿ ಕಳೆದ ವಾರಕ್ಕಿಂತ ಹತ್ತು ಸೆಕೆಂಡು ಕಡಿಮೆಯಾಗುತ್ತದೆ, ಅಷ್ಟೆ.

ನಾವು ಹವ್ಯಾಸಿ ಎನ್ನುವವನಿಗೆ ಫ್ರೆಂಚರು ಅಮೆಚೂರ್ ಎನ್ನುತ್ತಾರೆ. ಮೂಲದಲ್ಲಿ ಅದರ ಅರ್ಥ ‘ಪ್ರೀತಿಸುವವನು’. ಇಷ್ಟು ಚೆಲುವಾದ ಮಾತನ್ನು ಉಳ್ಳವರು ಬೇಲಿಯಾಗಿ ಬಳಸಿದ್ದೂ ಉಂಟು. 1860ರ ದಶಕದ ಇಂಗ್ಲೆಂಡಿನಲ್ಲಿ, ಕೈಕೆಲಸ ಮಾಡುವವನು ಹವ್ಯಾಸಿಯೇ ಅಲ್ಲವೆಂದು ಅಥ್ಲೆಟಿಕ್ ಸಂಘದ ನಿಯಮವಿತ್ತು. 1880ರಲ್ಲಿ ಆ ನಿರ್ಬಂಧ ಹೋಯಿತು. ಫ್ರಾನ್ಸಿನ ಜೂಲ್ ಲಾಡುಮೇಗ್ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ 1500 ಮೀಟರ್ ಓಟದ ಬೆಳ್ಳಿಪದಕ ಗೆದ್ದವನು. ತಂದೆತಾಯಿಯಿಲ್ಲದೆ ಬೆಳೆದ ಆತನನ್ನು, ಓಟಕ್ಕೆ ಹಣ ಪಡೆದನೆಂದು 1932ರಲ್ಲಿ ಆಜೀವ ಹೊರಗಿಟ್ಟರು. ಹಣ ಮುಟ್ಟದಿರುವುದೇ ಪ್ರೀತಿಯ ಗುರುತೆಂದರೆ, ಪ್ರೀತಿಯೂ ಉಳ್ಳವರ ಆಸ್ತಿಯಾಗಿಬಿಡುತ್ತದೆ. ಹವ್ಯಾಸಿಯ ಹಿರಿಮೆಯನ್ನು ಬೇರೆಲ್ಲಾದರೂ ಹುಡುಕಬೇಕು.

ಬ್ಯುಜಾ ಊರಿನೊಂದಿಗೆ ಬೆಸೆದುಕೊಂಡ ಒಂದು ಬಾಳು ಇಲ್ಲಿ ನೆರವಿಗೆ ಬರುತ್ತದೆ. ಆಲೇನ್ ಮಿಮೂನ್ 1921ರಲ್ಲಿ ಅಲ್ಜೀರಿಯದಲ್ಲಿ ಹುಟ್ಟಿದವನು. ಫ್ರೆಂಚ್ ಸೈನ್ಯದಲ್ಲಿದ್ದಾಗ, 1944ರಲ್ಲಿ ಇಟಲಿಯ ಕಾಳಗದಲ್ಲಿ ಆತನ ಕಾಲಿಗೆ ಏಟು ಬಿತ್ತು. ಕಾಲು ಕತ್ತರಿಸುವುದೊಂದೇ ಬಾಕಿಯಿತ್ತು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಪರಿಚಾರಕನಾಗಿ ತಟ್ಟೆ ಲೋಟ ಹೊತ್ತು ದುಡಿದ; ಉಳಿದ ಹೊತ್ತಿನಲ್ಲಿ ಓಡಿದ. 1948ರಲ್ಲೊಮ್ಮೆ, 1952ರಲ್ಲಿ ಎರಡು ಸಲ, ಒಲಿಂಪಿಕ್ಸಿನಲ್ಲಿ ಝಾಟೊಪೆಕ್‌ನ ಬೆನ್ನ ಹಿಂದೆಯೇ ಎರಡನೆಯವನಾದ. 1956ರಲ್ಲಿ, ಮೂವತ್ತೈದರ ವಯಸ್ಸಿನಲ್ಲಿ, ತನ್ನ ಮೊತ್ತಮೊದಲ ಮ್ಯಾರಥಾನನ್ನು ಮೆಲ್ಬರ್ನಿನಲ್ಲಿ ಓಡಿ ಗೆದ್ದ. ಆರನೆಯವನಾಗಿ ಬಂದ ಝಾಟೊಪೆಕ್‌ಗಾಗಿ ಗುರಿಗೆರೆಯ ಬಳಿ ಕಾದು ನಿಂತ. ಮುಂದೆ ಬ್ಯುಜಾದಲ್ಲಿ ಕ್ರೀಡಾಕೇಂದ್ರವೊಂದು ಬೆಳೆಯಲು ಕಾರಣನಾದ. 2013ರಲ್ಲಿ ತೀರಿಕೊಂಡಾಗ ಆ ಮಣ್ಣಿನಲ್ಲೇ ಆತನ ಸಮಾಧಿಯಾಯಿತು.

ದುಡಿಮೆಯ ನಡುವೆ ಓಡಿದ ಇಂಥವನನ್ನು ಸೋಮಾರಿ ಸಿರಿವಂತನೆನ್ನಲಾದೀತೆ? ಬಿಡುವು ಕೂಡ ಹುಟ್ಟಿನಿಂದ ಬಂದ ಸಿರಿಯಲ್ಲ. ಫ್ರಾನ್ಸಿನ ಕೆಲಸಗಾರರು 1936ರ ಬೇಸಗೆಯಲ್ಲಿ ಮುಷ್ಕರ ಹೂಡಿದ ಮೇಲೆಯೇ ಸಂಬಳಸಹಿತ ಎರಡು ವಾರ ರಜೆ ಕಾನೂನಾದದ್ದು. 1982ರಿಂದ ಅದು ಐದು ವಾರ. ಬೆವರಿನಿಂದಲೇ ಗಳಿಸಿದ ಬಿಡುವಿನಲ್ಲಿ ಒಬ್ಬನು ಮತ್ತೆ ಬೆವರು ಹರಿಸುತ್ತಾನೆಂದರೆ, ಯಾರೂ ಆಳದ ಹೊತ್ತಿನಲ್ಲಿ ತನ್ನನ್ನು ತಾನೇ ಆಳಿಕೊಳ್ಳಲು ಹೊರಟಿದ್ದಾನೆ ಎಂದರ್ಥ.

ಆ ಆಳ್ವಿಕೆ ಹಗುರವಾದುದೇನಲ್ಲ. ಓಟದ ಬಲ ಪಿತ್ರಾರ್ಜಿತವಾಗಿ ಕೈಸೇರುವುದಿಲ್ಲ, ಆಳಿಟ್ಟು ಮಾಡಿಸಲಾಗುವುದಿಲ್ಲ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಒಂದು ದಿನದ ಹುರುಪು ಅಲ್ಲಿ ನಡೆಯದು. ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಓಡಿ ದಣಿವಾರಿಸಿಕೊಳ್ಳುವಾಗ. ಆದುದರಿಂದ ವಿಶ್ರಾಂತಿಯೂ ನಿಯಮವೇ. ಇದು ನಿಷ್ಕಾಮವೆಂದು ಹೊಗಳಬೇಕಾಗಿಲ್ಲ. ಗಡಿಯಾರ ನೋಡುವವನಿಗೆ ಕಾಮನೆ ಇದ್ದೇ ಇದೆ. ಆದರೆ ಆ ಫಲ ಸಂತೆಯಲ್ಲಿ ಬಿಕರಿಯಾಗುವಂಥದಲ್ಲ, ಸುಳ್ಳಿನಿಂದ ದಕ್ಕುವಂಥದೂ ಅಲ್ಲ. ಯಾರೂ ನೋಡದ ಕಾಡಿನಲ್ಲಿ ಅರ್ಧದಾರಿಗೇ ತಿರುಗಿದವನಿಗೆ ತಾನು ತಿರುಗಿದ್ದು ಗೊತ್ತಿರುತ್ತದೆ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ಮರೆಮಾಚಬಾರದು. ನಮ್ಮಲ್ಲಿ ಕಾಯಕವೆಂದರೆ ಇನ್ನೊಬ್ಬರ ಎಲೆಗೂ ಅನ್ನ ತಲಪಿಸುವ ದುಡಿಮೆ. ಓಟ ಆ ಅರ್ಥದಲ್ಲಿ ಕಾಯಕವಲ್ಲ. ಅಷ್ಟೇ ಅಲ್ಲ; ಓಟಗಾರನಿಗೆ ಸಾಕೆನಿಸಿದರೆ ಮರದ ನೆರಳಲ್ಲಿ ಕೂರಬಹುದು. ಮೋಡ ಕವಿಯುತ್ತಿರುವಾಗ ಹುಲ್ಲು ಒಟ್ಟುವ ರೈತನಿಗೆ ಆ ಸ್ವಾತಂತ್ರ್ಯವಿಲ್ಲ. ಒಬ್ಬನದು ಆರಿಸಿಕೊಂಡ ಕಷ್ಟ, ಇನ್ನೊಬ್ಬನದು ಬಂದೆರಗಿದ ಕಷ್ಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತನ್ನ ಬೆವರನ್ನೇ ಹೆಚ್ಚೆಂದು ಬೀಗುವ ಓಟಗಾರನು ಪ್ರೀತಿಸುವವನೆಂಬ ಹೆಸರನ್ನು ಕಳೆದುಕೊಳ್ಳುತ್ತಾನೆ.

ಈ ಅಂತರವನ್ನು ಮರೆಯದಿರುವುದೇ ಹವ್ಯಾಸಿ ತೆರಬೇಕಾದ ಋಣ. ಕೊನೆಯ ಮೈಲಿಯ ಭಾರವನ್ನು ಕಾಲಿನಿಂದಲೇ ಬಲ್ಲವನು ಮತ್ತೊಬ್ಬನ ದಿನವಿಡೀ ದುಡಿಮೆಯನ್ನು ಹಗುರವಾಗಿ ಕಾಣಲಾರ. ಕಂಡರೆ ಅವನ ಅಭ್ಯಾಸದಲ್ಲೆಲ್ಲೋ ಕೊರತೆಯಿದೆ. ನಿಲ್ಲಬಹುದಾಗಿದ್ದೂ ನಿಲ್ಲದೆ ಓಡಬೇಕು. ನಿಲ್ಲಲಾರದವನು ಎದುರಾದಾಗ ದಾರಿ ಬಿಟ್ಟು ಸರಿಯಬೇಕು. ಇಷ್ಟು ಬಲ್ಲವನು ಯಾವ ಹಳ್ಳಿಯ ದಾರಿಯಲ್ಲಿ ಓಡಿದರೂ ಆ ಹಳ್ಳಿಗೆ ಹೊರೆಯಾಗುವುದಿಲ್ಲ.