ಬೂದಿ ತೆಗೆಯುವ ಹೊತ್ತು

ಗಡಹಿಂಗ್ಲಜದ ನಮ್ಮ ಮನೆಯ ಬಚ್ಚಲಿನಲ್ಲಿ ನೀರು ಕಾಯಿಸುವ ತಾಮ್ರದ ಒಂದು ಬಂಬು ಇತ್ತು. ಹಿರಣ್ಯಕೇಶಿ ಹೊಳೆಯ ಕಡೆಯಿಂದ ಬೀಸುವ ಪುಷ್ಯಮಾಸದ ಗಾಳಿಗೆ ಹಲ್ಲು ಕಟಕಟಿಸುತ್ತ ನಾವು ಮಕ್ಕಳು ಅದರ ಸುತ್ತ ಕುಕ್ಕುರುಗಾಲಿನಲ್ಲಿ ಕುಳಿತಿರುವಾಗ, ನಡುಗೊಳವೆಯೊಳಕ್ಕೆ ತೆಂಗಿನ ಚಿಪ್ಪು, ಗೋವಿನಜೋಳದ ದಿಂಡು, ಕಟ್ಟಿಗೆಯ ಚಕ್ಕೆ ಇವನ್ನು ಒಂದೊಂದಾಗಿ ಇಳಿಬಿಡಲು ಸಿದ್ಧಳಾಗಿ ನಿಂತ ನಮ್ಮ ಅಜ್ಜಿ, ಅವಳನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು, ಕಡ್ಡಿ ಗೀರುವ ಮೊದಲು ಒಂದು ದಿನವೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದೇ: “ಬೂದಿ ತಗದೀಯೇನೋ ತಮ್ಮಾ?”

ತೆಗೆದಿರುತ್ತಿರಲಿಲ್ಲ, ಅದು ಬೇರೆ ಮಾತು. ಜಾಳಿಯ ಕೆಳಗೆ ನಿನ್ನೆಯ ಬೂದಿ ಉಳಿದಿದ್ದರೆ ಗಾಳಿ ಮೇಲೇರದು. ಗಾಳಿ ಏರದಿದ್ದರೆ ಜ್ವಾಲೆಯು ಧೂಮವಾಗುವುದು. ಆ ಧೂಮವು ಬಾಗಿಲಿಕ್ಕಿದ ಬಚ್ಚಲಿನಲ್ಲಿ ಮೀಯಲು ನಿಂತವನ ತಲೆ ತಿರುಗಿಸಿ ಕೆಡವುವುದು. ಕಾರ್ಬನ್ ಮಾನಾಕ್ಸೈಡ್ ಎಂಬ ಹೆಸರನ್ನು ಆಯಿ ಕೇಳಿದವಳಲ್ಲ. ಕಿಟಕಿ ಮುಚ್ಚಿ ಬಂಬು ಹೊತ್ತಿಸಗೊಟ್ಟವಳೂ ಅಲ್ಲ.

ಈಗ ನಾನಿರುವ ನ್ಯೂ ಹ್ಯಾಂಪ್‌ಶೈರಿನ ಮನೆಯಲ್ಲಿ ಚಳಿಗಾಲವನ್ನು ನೂಕುವ ಭಾರವು ಕೂಡುಕೋಣೆಯ ಮೂಲೆಯ ಪೆಲೆಟ್ ಒಲೆಯದು. ಮರ ಕೊಯ್ದ ಹೊಟ್ಟನ್ನು ಒಣಗಿಸಿ, ಬಲವಾಗಿ ಒತ್ತಿ, ಸುಮಾರು 6 ಮಿಲಿಮೀಟರು ದಪ್ಪದ ಗುಳಿಗೆಗಳನ್ನಾಗಿ ಮಾಡಿರುತ್ತಾರೆ; ಅವೇ ಪೆಲೆಟ್. ಒತ್ತಡದ ಕಾವಿಗೆ ಕಟ್ಟಿಗೆಯೊಳಗಿನ ಲಿಗ್ನಿನ್ ಎಂಬ ದ್ರವ್ಯವೇ ಮೆದುವಾಗಿ ಅಂಟಾಗುತ್ತದೆ. 40 ಪೌಂಡಿನ, ಎಂದರೆ ಸುಮಾರು 18 ಕಿಲೋ ತೂಕದ ಚೀಲವನ್ನು ಒಲೆಯ ಕಣಜಕ್ಕೆ ಸುರಿದು ಮುಚ್ಚಿದರೆ, ಒಂದು ತಿರುಪು ಗುಳಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ಅಂಗೈಯಗಲದ ಅಗ್ನಿಪಾತ್ರೆಗೆ ಸಾಗಿಸುವುದು. ಒಂದು ಫ್ಯಾನು ಬೆಂಕಿಗೆ ಗಾಳಿಯೂಡಿ ಹೊಗೆಯನ್ನು ಗೋಡೆಯಾಚೆಗೆ ತಳ್ಳುವುದು. ಇನ್ನೊಂದು ಫ್ಯಾನು ಕೋಣೆಯೊಳಕ್ಕೆ ಬೆಚ್ಚನೆಯ ಗಾಳಿ ಬೀಸುವುದು.

ಇದನ್ನು ಮೊದಲ ಸಲ ಕಂಡಾಗ ನನಗೆ ನೆನಪಾದವನು ಕೊಲ್ಲಾಪುರದ ಗುರ್ಹಾಳದ, ಎಂದರೆ ಬೆಲ್ಲದ ಆಲೆಮನೆಯ, ಜಳವ್ಯಾ. 2014ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಊರ ಬೆಲ್ಲದ ಕೀರ್ತಿಯೆಲ್ಲ ಕೊಪ್ಪರಿಗೆಯಾದ ಕಾಹಿಲಿಯ ಪಕ್ಕದಲ್ಲಿ ನಿಂತು ಪಾಕದ ಹದ ನೋಡುವ ಗುಳವ್ಯಾನಿಗೆ ಸಲ್ಲುತ್ತದೆ. ಆದರೆ ಅದರ ಒಲೆಯಾದ ಚುಲವಾಣದ ಬಾಯಲ್ಲಿ ಕುಳಿತು, ಚಿಪಾಡವನ್ನು, ಎಂದರೆ ಒಣಗಿದ ಕಬ್ಬಿನ ಸಿಪ್ಪೆಯನ್ನು, ಹೆಚ್ಚೂ ಅಲ್ಲದೆ ಕಡಮೆಯೂ ಅಲ್ಲದೆ ಒಳಗೆ ತಳ್ಳುತ್ತಿರುವ ಜಳವ್ಯಾನ ಕೈ ತಪ್ಪಿತೆಂದರೆ ಗುಳವ್ಯಾನ ವಿದ್ಯೆಯೆಲ್ಲ ತಳಹತ್ತಿ ಹೋದಂತೆಯೇ. ಪೆಲೆಟ್ ಒಲೆಯನ್ನು ರಚಿಸಿದವರು ಜಳವ್ಯಾನ ತೋಳನ್ನು ತಿರುಪಿಗೂ, ಉಸಿರನ್ನು ಫ್ಯಾನಿಗೂ, ಕಣ್ಣನ್ನು ಉಷ್ಣಮಾಪಕಕ್ಕೂ ಹಂಚಿಕೊಟ್ಟರು. ಬೂದಿ ಗುಡಿಸುವ ಅವನ ಕಸಬರಿಗೆಯನ್ನು ಮಾತ್ರ ಯಾವ ಯಂತ್ರಭಾಗಕ್ಕೂ ಕೊಡಲಿಲ್ಲ. ಅದು ನನ್ನ ಪಾಲಿಗೆ ಉಳಿದಿತ್ತೆಂಬುದು ನನಗೆ ತಿಳಿಯಲು ಒಂದು ಚಳಿಗಾಲ ಹಿಡಿಯಿತು.

ಆ ಮೊದಲ ವರ್ಷದ ಜನವರಿಯಲ್ಲಿ, ಗುಂಡಿಯೊತ್ತಿದರೆ ಹೊತ್ತುವ ಒಲೆಗೆ ಸೇವೆ ಏತಕ್ಕೆಂಬ ಆಲಸ್ಯದಿಂದ ಹತ್ತು ಹನ್ನೆರಡು ದಿನ ಬೂದಿ ತೆಗೆಯದೆ ಉರಿಸಿದೆ. ಚುರುಕಾಗಿ ಕುಣಿಯಬೇಕಾದ ಜ್ವಾಲೆ ಕೇಸರಿ ಬಣ್ಣಕ್ಕೆ ತಿರುಗಿ, ನೀಳವಾಗಿ, ಸೋಮಾರಿಯಾಗಿ ತೂಗತೊಡಗಿತು. ಬಾಗಿಲಿನ ಗಾಜು ಕಪ್ಪಿಟ್ಟಿತು. ನಮ್ಮ ಕಾಕಾ ಇಚಲಕರಂಜಿಯಲ್ಲಿ, 1904ರಲ್ಲಿ ಮೊದಲ ಯಂತ್ರಮಗ್ಗ ಬಂದಂದಿನಿಂದ ಖಟಖಟ ನಿಲ್ಲದ ಆ ಊರಿನಲ್ಲಿ, ನೂಲಿಗೆ ಗಂಜಿ ಕೊಡುವ ಒಂದು ಸಾಯ್ಜಿಂಗಿನ ಬಾಯ್ಲರಿನ ಮುಂದೆ ಆಯುಷ್ಯ ಕಳೆದವರು; “ಹೊಗಿ ಬಣ್ಣಾ ನೋಡು, ಬೆಂಕಿ ಹೊಟ್ಟಿ ತಿಳೀತೈತಿ” ಎನ್ನುತ್ತಿದ್ದರು. ನಾನು ನೋಡಿದೆ, ತಿಳಿಯಲಿಲ್ಲ. ಗಾಬರಿಯಲ್ಲಿ ಪ್ಲಗ್ಗನ್ನೇ ಕಿತ್ತುಬಿಟ್ಟೆ. ಬೆಂಕಿ ಆರಲಿಲ್ಲ, ಹೊಗೆಯನ್ನು ಹೊರಗೆ ದೂಡುತ್ತಿದ್ದ ಫ್ಯಾನು ಮಾತ್ರ ನಿಂತಿತು. ಅರೆಬೆಂದ ಗುಳಿಗೆಗಳ ಹೊಗೆ ಸಂದುಸಂದಿನಿಂದ ಕೋಣೆಗಿಳಿಯಿತು. ಗೋಡೆಯ ಮೇಲಿನ ಮಾನಾಕ್ಸೈಡ್ ಅಲಾರಮ್ಮು ಚೀರಿತು. ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಚಪ್ಪಲಿಗಾಲಿನಲ್ಲಿ ಮೊಳದುದ್ದ ಹಿಮಕ್ಕಿಳಿದು, ಅಗ್ನಿಶಾಮಕದವರು ಬರುವ ತನಕ ನಿಂತಿದ್ದೆವು. ಒಲೆಯನ್ನು ಅದರ ಗುಂಡಿಯಿಂದಲೇ ಆರಿಸಬೇಕು, ಅದು ತಣಿಯುವವರೆಗೂ ಫ್ಯಾನು ತಿರುಗುತ್ತಿರಬೇಕು, ಕರೆಂಟು ಕೈಕೊಡುವ ಊರಾದರೆ ಬ್ಯಾಟರಿಯ ಆಸರೆ ಇರಬೇಕು ಎಂಬುದೆಲ್ಲ ಒಲೆಯ ಜೊತೆಗೆ ಬಂದ ಪುಸ್ತಕದಲ್ಲಿಯೇ ಇತ್ತು, ಪುಸ್ತಕವು ಕಪಾಟಿನಲ್ಲಿತ್ತು.

ಮರುದಿನ ತಣ್ಣಗಾದ ಅಗ್ನಿಪಾತ್ರೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ತಳದ ತೂತುಗಳಲ್ಲಿ ಒಂದೆರಡರ ಮೂಲಕ ಮಾತ್ರ ಆಕಾಶ ಕಂಡಿತು. ಉಳಿದವನ್ನೆಲ್ಲ ಬೂದಿಯು ಕರಗಿ ಗಟ್ಟಿಯಾದ ಕಿಟ್ಟವು, ಕಮ್ಮಾರನ ಕುಲುಮೆಯ ಕಿಟ್ಟದಂತೆಯೇ ಗಾಜುಗಾಜಾಗಿ, ಮುಚ್ಚಿಕೊಂಡಿತ್ತು. ಅಂದಿನಿಂದ ಅದನ್ನು ದಿನಾಲು ಕೆರೆಯುತ್ತೇನೆ. ಬೂದಿಯನ್ನು ಮನೆಯ ವ್ಯಾಕ್ಯೂಮಿನಿಂದ ಎಳೆಯಬಾರದು, ಅದರೊಳಗಿನ ಕಣ್ಣಿಗೆ ಕಾಣದ ಕೆಂಡವು ಚೀಲವನ್ನೇ ಹೊತ್ತಿಸೀತು. ಮುಚ್ಚಳವುಳ್ಳ ಲೋಹದ ಬಕೀಟಿಗೆ ತುಂಬಿ, ಮರದ ಜಗುಲಿಯ ಮೇಲಲ್ಲ, ಮನೆಯಿಂದ ದೂರ ಕಲ್ಲಿನ ಮೇಲೆ ಹಲವು ದಿನ ಇಡಬೇಕು. ಒಲೆಯ ಬಾಗಿಲಿನ ಸುತ್ತಣ ಗಾಳಿತಡೆಯ ಹಗ್ಗವು ಸವೆದಿದೆಯೋ ಎಂದು ಅರಿಯಲು ಇಲ್ಲಿಯವರು ಡಾಲರಿನ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡುತ್ತಾರೆ; ಸಲೀಸಾಗಿ ಜಾರಿ ಬಂದರೆ ಹಗ್ಗ ಬದಲಿಸಬೇಕು. ನಾನು ಹಳೆಯ ಹತ್ತು ರೂಪಾಯಿಯ ನೋಟನ್ನು ಬಳಸುತ್ತೇನೆ. ಹೊಗೆಯ ಕೊಳವೆಯನ್ನು ವರ್ಷಕ್ಕೊಮ್ಮೆ ಬಲ್ಲವರಿಂದ ಶುದ್ಧಮಾಡಿಸುವುದು ಸರಿ. ನೀರು ತಾಗಿದ ಗುಳಿಗೆ ಉಬ್ಬಿ ಮತ್ತೆ ಹೊಟ್ಟಾಗುವುದರಿಂದ, ಮಳೆಗಾಲದ ಬೆಲ್ಲವನ್ನು ಕಾಯುವ ಎಚ್ಚರಿಕೆಯಿಂದಲೇ ಚೀಲಗಳನ್ನೂ ಕಾಯಬೇಕು.

ಹೋದ ಸಂಕ್ರಾಂತಿಯಂದು ಗಡಹಿಂಗ್ಲಜದ ಅತ್ತೆಗೆ, ನಮ್ಮಪ್ಪನ ತಂಗಿಗೆ, ವಿಡಿಯೋ ಕರೆ ಮಾಡಿ ಈ ಒಲೆಯನ್ನು ತೋರಿಸಿದೆ. ಅಲ್ಲಿ ಈಗ ಮಾಳಿಗೆಯ ಮೇಲೆ ಸೋಲಾರು; ಬಂಬು ಅಟ್ಟ ಸೇರಿದೆ. ಗುಳಿಗೆ ತಾನೇ ಬೀಳುವುದು, ಬೆಂಕಿ ತಾನೇ ಹೊತ್ತುವುದು, ಕೋಣೆಯ ಕಾವನ್ನು ತಾನೇ ಅಳೆಯುವುದು ಎಂದು ನಾನು ವರ್ಣಿಸುತ್ತಿದ್ದುದನ್ನು ಆಕೆ ಕನ್ನಡಕ ಸರಿಮಾಡಿಕೊಂಡು ಕೊನೆಯವರೆಗೂ ಕೇಳಿದಳು.

“ಅದೆಲ್ಲಾ ಇರಲಿ. ಬೂದಿ ಎಲ್ಲಿ ಬೀಳತೈತಿ?”

ಕೆಳಗಿನ ತಟ್ಟೆಯನ್ನು ಎಳೆದು ಫೋನನ್ನು ಹತ್ತಿರ ಹಿಡಿದೆ.

“ತುಂಬೇತಲ್ಲೋ ತಮ್ಮಾ,” ಎಂದಳು.