ಲೆಕ್ಕದ ದಾನ

ಹಾಲು ಬತ್ತಿದ ಹಸುಗಳನ್ನು ತಂದೆಯು ದಾನಮಾಡುತ್ತಿರುವುದನ್ನು ಕಂಡು ಬಾಲಕನಾದ ನಚಿಕೇತನ ಮನಸ್ಸು ಕಲಕಿತೆಂಬುದು ಕಠೋಪನಿಷತ್ತನ್ನು ಬಲ್ಲವರಿಗೆಲ್ಲ ತಿಳಿದ ಕಥೆ. ತನಗೆ ಬೇಡವಾದುದನ್ನು ಕೊಟ್ಟವನು ಕೊಟ್ಟಂತಾದನೆ? ಪ್ರಶ್ನೆಯು ಬಹು ಹಳೆಯದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅದಕ್ಕೆ ಹೊಸದೊಂದು ಉದಾಹರಣೆಯನ್ನು ಒದಗಿಸಿದ್ದಾರೆ.

1999ರಲ್ಲಿ ಮೈಲ್ಸ್ ಆಲನ್ ಎಂಬ ವಿದ್ವಾಂಸರು ‘ನೇಚರ್’ ಪತ್ರಿಕೆಯಲ್ಲಿ ಒಂದು ಸೂಚನೆಯನ್ನು ಮುಂದಿಟ್ಟರು. ಭೂಮಿಯ ವಾಯುಗುಣವು ಮುಂದೆ ಹೇಗೆ ಬದಲಾಗುವುದೆಂದು ಗಣಕಯಂತ್ರಗಳಿಂದ ಲೆಕ್ಕಹಾಕುವಾಗ, ಮೋಡಗಳ ವರ್ತನೆಯೇ ಮೊದಲಾದ ಕೆಲವು ಅಂಶಗಳ ಬೆಲೆಯು ನಿಖರವಾಗಿ ತಿಳಿಯದು. ಒಂದೇ ಊಹೆಯನ್ನು ನೆಚ್ಚುವುದಕ್ಕಿಂತ, ಆ ಬೆಲೆಗಳನ್ನು ತುಸುತುಸುವೇ ವ್ಯತ್ಯಾಸಮಾಡಿ ಸಾವಿರಾರು ಸಲ ಲೆಕ್ಕಮಾಡುವುದು ಮೇಲು. ಅಷ್ಟು ಲೆಕ್ಕಕ್ಕೆ ಸಂಸ್ಥೆಗಳ ಮಹಾಯಂತ್ರಗಳು ಸಾಲವು. ಜನರ ಮನೆಗಳಲ್ಲಿಯೋ ಲಕ್ಷಾಂತರ ಯಂತ್ರಗಳು ದಿನದ ಬಹುಭಾಗ ಸುಮ್ಮನಿರುತ್ತವೆ. ಅವುಗಳ ಬಿಡುವನ್ನೇಕೆ ಬೇಡಬಾರದು? 2003ರ ಸೆಪ್ಟೆಂಬರಿನಲ್ಲಿ ಕಾರ್ಯವು ಆರಂಭವಾಯಿತು. ಒಬ್ಬೊಬ್ಬರ ಪಾಲಿಗೆ ಒಂದೊಂದು ಬೇರೆ ಭೂಮಿ ಬಂದಿತು: ಒಂದರಲ್ಲಿ ಮೋಡವು ಬೇಗ ಮಳೆಯಾಗುವುದು, ಮತ್ತೊಂದರಲ್ಲಿ ತಡವಾಗಿ. 2005ರಲ್ಲಿ ಪ್ರಕಟವಾದ ಮೊದಲ ಫಲದಂತೆ, ಎರಡು ಸಾವಿರಕ್ಕೂ ಮೀರಿದ ಲೆಕ್ಕಗಳಲ್ಲಿ, ಇಂಗಾಲಾಮ್ಲ ವಾಯುವು ಇಮ್ಮಡಿಯಾದರೆ ಭೂಮಿಯ ಶಾಖವು ಸುಮಾರು 2 ಡಿಗ್ರಿಯಿಂದ 11 ಡಿಗ್ರಿಯವರೆಗೆ ಏರುವಂತೆ ಕಂಡಿತು.

ಇಲ್ಲಿ ನಚಿಕೇತನು ಎದುರು ಬಂದು ನಿಲ್ಲುವನು. ಯಂತ್ರದ ಬಿಡುವೆಂಬುದು ಹಾಲು ಬತ್ತಿದ ಹಸುವಲ್ಲವೆ? ಮೇಲುನೋಟಕ್ಕೆ ಹಾಗೆಯೇ ತೋರುವುದು. ಆದರೆ ದುಡಿಯುವ ಯಂತ್ರಕ್ಕೆ ಸುಮ್ಮನಿರುವ ಯಂತ್ರಕ್ಕಿಂತ ಹೆಚ್ಚು ವಿದ್ಯುತ್ತು ಬೇಕು. ಅದರ ಹಣವನ್ನು ತೆರುವವನು ಮನೆಯ ಯಜಮಾನನೇ. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದುದಾದರೆ, ಯಾವ ಹೊಗೆಯ ಪರಿಣಾಮವನ್ನರಿಯಲು ಲೆಕ್ಕ ನಡೆದಿದೆಯೋ ಆ ಹೊಗೆಗೇ ಅಷ್ಟಿಷ್ಟು ಸೇರುವುದು. ಹೊಗೆಯಿಲ್ಲದೆ ಯಜ್ಞವುಂಟೆ ಎಂದು ಸಮಾಧಾನ ಹೇಳುವುದು ಸುಲಭ; ಅದು ಸಾಲದು. ಹೇಗೂ ಹೊತ್ತಿಸಿದ ದೀಪದ ಬೆಳಕಿನಲ್ಲಿ ಇನ್ನೊಂದು ಕೆಲಸವನ್ನು ಮಾಡಿಕೊಳ್ಳುವುದು ಬೇರೆ, ಅದಕ್ಕೆಂದೇ ಇರುಳೆಲ್ಲ ದೀಪವುರಿಸುವುದು ಬೇರೆ. ಈ ವಿವೇಕವಿಲ್ಲದ ಔದಾರ್ಯವನ್ನು ಹೊಗಳಬೇಕಾದುದಿಲ್ಲ.

ಇದಕ್ಕಿಂತ ಕಠಿನವಾದ ತೊಡಕು ಮತ್ತೊಂದಿದೆ. ನಿಜವಾದ ಭೂಮಿಯು ಒಂದೇ. ಲೆಕ್ಕದ ಸಾವಿರಾರು ಭೂಮಿಗಳಲ್ಲಿ ಹೆಚ್ಚಿನವು ಎಂದೂ ಆಗದಂಥವು. ಎಂದಮೇಲೆ ಉಪಾಧ್ಯಾಯನೊಬ್ಬನ ಯಂತ್ರವು ವಾರಗಟ್ಟಲೆ ದುಡಿದು ಕೊಡುವುದು ಬಹುಶಃ ಒಂದು ಸುಳ್ಳುಲೋಕವನ್ನು. ಕೆರೆಗೆ ಒಂದು ಬುಟ್ಟಿ ಮಣ್ಣು ಹೊತ್ತವನು ಏರಿಯ ಮೇಲೆ ನಿಂತು ತನ್ನ ಮಣ್ಣೂ ಇದರಲ್ಲಿದೆ ಎನ್ನಬಹುದು. ಇವನಿಗೆ ಆ ತೃಪ್ತಿಯೂ ಅರೆಯಾದುದೇ. ಆದರೂ ತಪ್ಪುಗಳ ಹರವು ತಿಳಿಯದೆ, ನಿಜವು ಅದರ ಯಾವೆಡೆಯಲ್ಲಿರಬಹುದೆಂಬುದು ತಿಳಿಯದು. ತನ್ನ ಪಾಲು ತಪ್ಪಾಗಿಯಾದರೂ ಕೆಲಸಕ್ಕೆ ಬರಲೆಂದು ಅವನು ಒಪ್ಪಿಕೊಳ್ಳುತ್ತಾನೆ. ಬಹು ಜನರು ಕೊಡಲಾರದ ವಸ್ತುವದು. ಅದನ್ನು ಬತ್ತಿದ ಹಸುವೆನ್ನಲಾಗದು.

ಈ ಒಪ್ಪಿಗೆಗೆ 2006ರಲ್ಲಿ ಪರೀಕ್ಷೆ ಬಂದಿತು. ಫೆಬ್ರವರಿಯಲ್ಲಿ ಬಿ.ಬಿ.ಸಿ.ಯು ಕೊಟ್ಟ ಕರೆಗೆ ಬಹು ಜನರು ಓಗೊಟ್ಟು, 1920ರಿಂದ 2080ರವರೆಗಿನ ವಾಯುಗುಣವನ್ನು ತಮ್ಮ ಯಂತ್ರಗಳಲ್ಲಿ ಲೆಕ್ಕಹಾಕತೊಡಗಿದ್ದರು. ಏಪ್ರಿಲಿನಲ್ಲಿ ತಪ್ಪೊಂದು ಹೊರಬಿತ್ತು. ಕಾರ್ಖಾನೆಗಳ ಹೊಗೆಯಿಂದುಂಟಾಗುವ ಗಂಧಕದ ಸೂಕ್ಷ್ಮಕಣಗಳು ಬಿಸಿಲನ್ನು ಕೊಂಚ ತಡೆದು ಭೂಮಿಯ ಕಾವನ್ನು ತಗ್ಗಿಸುತ್ತವೆ. ಆ ಕಣಗಳ ಲೆಕ್ಕವು ಯಂತ್ರಕ್ಕೆ ಸರಿಯಾಗಿ ಸೇರಿರಲಿಲ್ಲ. ಆದಕಾರಣ ಭೂಮಿಗಳೆಲ್ಲ ಮಿತಿಮೀರಿ ಬೇಗ ಕಾಯುತ್ತಿದ್ದುವು. ವಿಜ್ಞಾನಿಗಳು ಇದನ್ನು ಬಹಿರಂಗವಾಗಿ ತಿಳಿಸಿ, ಮತ್ತೆ 1920ರಿಂದಲೇ ತೊಡಗಬೇಕೆಂದು ಬೇಡಿಕೊಂಡರು. ಬೇಡುವವನು ಕೊಡುವವನಿಗೆ ತೀರಿಸಬೇಕಾದ ಋಣವಾದರೂ ಇದೇ. ಈ ವಿದ್ಯೆಯ ಮೂಲಪುರುಷರಲ್ಲೊಬ್ಬನಾದ ಲೂಯಿಸ್ ಫ್ರೈ ರಿಚರ್ಡ್‌ಸನ್ನನು ಅದನ್ನು ಮೊದಲೇ ತೀರಿಸಿ ತೋರಿದ್ದನು. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಬಂಡಿಯನ್ನು ನಡೆಸುತ್ತಿದ್ದ ಕಾಲದಲ್ಲಿ ಅವನು ಕೈಯಿಂದ ಹಾಕಿದ ಆರು ಗಂಟೆಗಳ ಹವೆಯ ಲೆಕ್ಕವು ತೀರ ತಪ್ಪಾಗಿದ್ದಿತು. 1922ರ ತನ್ನ ಗ್ರಂಥದಲ್ಲಿ ಆ ತಪ್ಪನ್ನೇ ಅಚ್ಚುಹಾಕಿಸಿದನು. 64,000 ಲೆಕ್ಕಿಗರು ಒಂದೇ ಮಂಟಪದಲ್ಲಿ ಕುಳಿತು ಲೋಕದ ಹವೆಯನ್ನೆಲ್ಲ ಎಣಿಸುವ ಕನಸೂ ಅದೇ ಗ್ರಂಥದಲ್ಲಿದೆ.

ಎರಡು ತಿಂಗಳ ದುಡಿಮೆ ಹೋಯಿತೆಂದು ಬೇಸತ್ತು ಬಿಟ್ಟವರೂ ಇದ್ದಿರಬಹುದು, ಅವರನ್ನು ದೂರುವಂತಿಲ್ಲ. ಮತ್ತೆ ತೊಡಗಿದವರಿಂದ ಹತ್ತು ಸಾವಿರಕ್ಕೆ ಸಮೀಪವಾದ ಲೆಕ್ಕಗಳು ಕೈಸೇರಿದುವು. ಅವುಗಳಿಂದ ಹೊರಟು 2012ರಲ್ಲಿ ಪ್ರಕಟವಾದ ಫಲವು, ಹೊಗೆಯನ್ನು ತಗ್ಗಿಸುವ ಯತ್ನವು ನಡೆಯದಿದ್ದರೆ 2050ರ ವೇಳೆಗೆ ಭೂಮಿಯು 1961ರಿಂದ 1990ರವರೆಗಿನ ಸರಾಸರಿಗಿಂತ 1.4ರಿಂದ 3 ಡಿಗ್ರಿಯವರೆಗೆ ಹೆಚ್ಚು ಕಾಯಬಹುದೆಂದು ತಿಳಿಸಿತು.